ಹೈಡ್ರಜೀನ್ ಬಿಟ್ಟು ಹಸಿರು ಇಂಧನಕ್ಕೆ ಹೋಗೋದು: 6ಯು ಉಪಗ್ರಹದ ಥ್ರಸ್ಟರ್‌ಗೆ ಯಾವ್ದು ಹಿಡೀಬೇಕು?

ಹನಿಬಲ

ಎಲ್ರಿಗೂ ನಮಸ್ಕಾರ. ನಾವೊಂದು ಸಣ್ಣ ಟೀಮ್, 6ಯು ಕ್ಯೂಬ್‌ಸ್ಯಾಟ್ (10 ಸೆಂಮೀ ಘನದ ಆರು ಡಬ್ಬಿ ಸೇರಿದಷ್ಟಿರೋ ಪುಟ್ಟ ಉಪಗ್ರಹ) ಮಾಡ್ತಿದೀವಿ, ಎಲ್ಲಾ ಸೇರಿ 12 ಕೆಜಿ, ಕಕ್ಷೆ 600 ಕಿಮೀ. ಕೆಲಸ ಮುಗಿದ ಮೇಲೆ ಅದನ್ನ ಅಲ್ಲೇ ಕಸವಾಗಿ ಬಿಟ್ಟು ಬರೋದು ನಮಗ್ಯಾರಿಗೂ ಇಷ್ಟ ಇಲ್ಲ, ನಿಯಮಗಳೂ ಬಿಗಿ ಆಗ್ತಿವೆ, ಅಮೆರಿಕದ ಸಂಪರ್ಕ ನಿಯಂತ್ರಕ ಎಫ್‌ಸಿಸಿ 2022ರಲ್ಲೇ ಕೆಲಸ ಮುಗಿದ ಉಪಗ್ರಹ ಇಳಿಸೋ 25 ವರ್ಷದ ಗಡುವನ್ನ 5 ವರ್ಷಕ್ಕೆ ಇಳಿಸ್ತು. ಹಾಗಾಗಿ ಥ್ರಸ್ಟರ್ (ಕಕ್ಷೆಯಲ್ಲಿ ಉಪಗ್ರಹ ನೂಕೋ ಪುಟ್ಟ ಎಂಜಿನ್) ಬೇಕೇ ಬೇಕು, ಅದನ್ನ ನಾವೇ ಮಾಡ್ಬೇಕು ಅನ್ನೋ ಆಸೆನೂ ಇದೆ.

ಈಗ ಟೀಮಲ್ಲಿ ಎರಡು ಗುಂಪು. ಒಬ್ರು ಹೇಳ್ತಾರೆ ಹೈಡ್ರಜೀನ್ ಅನ್ನೋ ಇಂಧನ 1960ರ ದಶಕದಿಂದ ಹಾರ್ತಿದೆ, ಅದರ ಬಗ್ಗೆ ಗೊತ್ತಿಲ್ಲದ್ದು ಏನೂ ಉಳಿದಿಲ್ಲ, ಅದನ್ನೇ ಹಿಡೀರಿ ಅಂತ. ಇನ್ನೊಬ್ರು ಹಸಿರು ಇಂಧನ (ಅಷ್ಟು ವಿಷ ಅಲ್ಲದ್ದು) ಇಲ್ದಿದ್ರೆ ನಾನು ಬರಲ್ಲ ಅಂತಾರೆ. ನನಗೆ ಎರಡೂ ಕಡೆ ಮಾತು ಅರ್ಧರ್ಧ ಸರಿ ಅನ್ಸತ್ತೆ. ಈ ಕೆಲಸದಲ್ಲಿ ಕೈ ಹಾಕಿರೋರು ಯಾರಾದ್ರೂ ಇದ್ರೆ ದಯವಿಟ್ಟು ಬಿಡಿಸಿ ಹೇಳಿ.

ಹಳೇವಾಲ್ವ್

ಹೈಡ್ರಜೀನ್ ತುಂಬ್ಸೋ ಕೆಲಸ ಹತ್ತಿರದಿಂದ ನೋಡಿದೀನಿ, ಹಾಗಾಗಿ ಹೇಳ್ತೀನಿ, ಸಣ್ಣ ಟೀಮ್ ಆಗಿದ್ರೆ ಅದನ್ನ ಮುಟ್ಟಲೇಬೇಡಿ.

ಅದರ ವಾಸನೆ ಅಮೋನಿಯಾ ಥರ. ಆದ್ರೆ ಮನುಷ್ಯನ ಮೂಗಿಗೆ ಅದು ಗೊತ್ತಾಗೋದು ಸುಮಾರು 3-4 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗಕ್ಕೆ 3-4 ಭಾಗ) ಮುಟ್ಟಿದ ಮೇಲೆ, ಕೆಲಸದ ಜಾಗದಲ್ಲಿ ಇರಬಹುದು ಅಂತ ಆರೋಗ್ಯದವರು ಶಿಫಾರಸು ಮಾಡಿರೋ ಮಿತಿ 0.01 ಪಿಪಿಎಂ. ಅಂದ್ರೆ ವಾಸನೆ ಬಂತು ಅನ್ನೋ ಹೊತ್ತಿಗೆ ಮಿತಿಯ ನೂರಾರು ಪಟ್ಟು ಆಗ್ಲೇ ಒಳಗೆ ಹೋಗಿರತ್ತೆ. ಅದಕ್ಕೇ ತುಂಬ್ಸೋರು ತಲೆಯಿಂದ ಕಾಲಿನವರೆಗೆ ಮುಚ್ಚಿರೋ, ಹೊರಗಿಂದ ಗಾಳಿ ಕೊಡೋ ಸೂಟ್ ಹಾಕ್ಕೊಂಡೇ ಹೋಗೋದು. ಆ ಸೂಟಲ್ಲಿ ಕೈ ಬೆರಳಿಗೆ ನಟ್ಟಿನ ಹಿಡಿತ ಸರಿಯಾಗಿ ಸಿಗಲ್ಲ, ಪಕ್ಕದಲ್ಲಿರೋನ ಮಾತು ಹೆಡ್‌ಸೆಟ್ಟಲ್ಲೇ ಕೇಳ್ಬೇಕು, ಬೆವರು ಕಣ್ಣಿಗೆ ಇಳಿದ್ರೆ ಒರೆಸ್ಕೊಳ್ಳೋಕೂ ಆಗಲ್ಲ. ಆ ಹೊತ್ತಿಗೆ ಬಿಲ್ಡಿಂಗಲ್ಲಿ ಬೇರೆ ಯಾರೂ ಇರೋ ಹಾಗಿಲ್ಲ, ಅಂದ್ರೆ ನಿಮ್ಮ ಪಕ್ಕದ ಉಪಗ್ರಹದವರ ಕೆಲಸನೂ ನಿಲ್ಲತ್ತೆ. ದೊಡ್ಡ ಉಪಗ್ರಹಕ್ಕೆ ಇದನ್ನೆಲ್ಲ ಸಹಿಸ್ಕೋತಾರೆ. ಬೇರೆಯವರ ರಾಕೆಟ್ಟಲ್ಲಿ ಮೂಲೇಲಿ ಕೂತ್ಕೊಂಡು ಹೋಗೋ 12 ಕೆಜಿ ಡಬ್ಬಿಗೋಸ್ಕರ ಯಾರು ಸಹಿಸ್ಕೋತಾರೆ ಹೇಳಿ. ಕ್ಯೂಬ್‌ಸ್ಯಾಟ್‌ನ ಹಳೇ ನಿಯಮದಲ್ಲಂತೂ ಒಳಗಿರೋ ರಾಸಾಯನಿಕ ಶಕ್ತಿ 100 ವ್ಯಾಟ್-ಅವರ್ ದಾಟ್ಬಾರ್ದು ಅಂತಾನೇ ಇತ್ತು.

ಯುರೋಪಲ್ಲಿ 2011ರಲ್ಲೇ ಹೈಡ್ರಜೀನನ್ನ ತುಂಬಾ ಕಳವಳ ಇರೋ ವಸ್ತುಗಳ ಪಟ್ಟಿಗೆ ಹಾಕಿದ್ರು. ಸ್ವೀಡನ್ನಿನವರು ಅದಕ್ಕೂ ಒಂದು ವರ್ಷ ಮುಂಚೆ, 2010 ಜೂನಲ್ಲಿ, ಪ್ರಿಸ್ಮಾ ಅನ್ನೋ ಉಪಗ್ರಹದಲ್ಲಿ ಹೈಡ್ರಜೀನ್ ಥ್ರಸ್ಟರೂ ಎಲ್‌ಎಂಪಿ-103ಎಸ್ ಅನ್ನೋ ಹಸಿರು ಇಂಧನದ ಥ್ರಸ್ಟರೂ ಎರಡನ್ನೂ ಒಟ್ಟಿಗೇ ಕಳ್ಸಿದ್ರು, ಎರಡನೇದನ್ನ ತುಂಬ್ಸೋಕೆ ಆ ಸೂಟ್ ಬೇಕಾಗ್ಲೇ ಇಲ್ಲ. ನನ್ನ ಮಟ್ಟಿಗೆ ವಾದ ಅಲ್ಲಿಗೇ ಮುಗೀತು.

ಕಕ್ಷೆಲೆಕ್ಕ

ಹಳೇವಾಲ್ವ್ ಸರ್ ಹೇಳಿದ್ದು ಸುರಕ್ಷತೆ ಮಾತು, ನಾನು ಲೆಕ್ಕದ ಮಾತು ಸೇರಿಸ್ತೀನಿ, ಯಾಕಂದ್ರೆ ಹಸಿರು ಅಂದ್ರೆ ಶಕ್ತಿ ಕಮ್ಮಿ ಅಂತ ತುಂಬಾ ಜನ ಅಂದ್ಕೊಂಡಿದಾರೆ, ಅದು ಉಲ್ಟಾ.

ಸಣ್ಣ ಉಪಗ್ರಹದಲ್ಲಿ ತೂಕಕ್ಕಿಂತ ಮೊದಲು ಜಾಗ ಮುಗಿಯತ್ತೆ. ಹಾಗಾಗಿ ಒಂದು ಲೀಟರ್ ಟ್ಯಾಂಕ್ ಅಂತ ಇಟ್ಕೊಳ್ಳಿ, ಒಟ್ಟು ತೂಕ 12 ಕೆಜಿ. ಹೈಡ್ರಜೀನ್ ಒಂದು ಲೀಟರ್ ಅಂದ್ರೆ ಹತ್ತತ್ರ 1 ಕೆಜಿ, ಐಎಸ್‌ಪಿ (ಇಂಧನದಿಂದ ಎಷ್ಟು ನೂಕು ಸಿಗತ್ತೆ ಅನ್ನೋ ಅಳತೆ) 225 ಸೆಕೆಂಡ್ ಹಿಡಿದ್ರೆ ಡೆಲ್ಟಾ-ವಿ, ಅಂದ್ರೆ ಒಟ್ಟು ಬದಲಾಯಿಸಬಹುದಾದ ವೇಗ, 192 ಮೀ/ಸೆ ಬರತ್ತೆ. ಎಲ್‌ಎಂಪಿ-103ಎಸ್ ಅದೇ ಲೀಟರ್‌ಗೆ 1.24 ಕೆಜಿ ಕೂರತ್ತೆ, ಐಎಸ್‌ಪಿನೂ ಸ್ವಲ್ಪ ಜಾಸ್ತಿ, 235 ಇಟ್ರೆ 250 ಮೀ/ಸೆ. ಅಮೆರಿಕದ ವಾಯುಪಡೆ ಲ್ಯಾಬ್ ಮಾಡಿದ ಅಸೆಂಟ್ (ಮೊದಲು ಎಎಫ್-ಎಂ315ಇ ಅಂತಿದ್ರು) ಇನ್ನೂ ದಟ್ಟ, ಲೀಟರ್‌ಗೆ 1.46 ಕೆಜಿ, 294 ಮೀ/ಸೆವರೆಗೆ ಹೋಗತ್ತೆ. ಅದೇ ಟ್ಯಾಂಕು, ಅದೇ ಡಬ್ಬಿ.

ನಿಮಗೆ 600 ಕಿಮೀಯಿಂದ ಕಕ್ಷೆಯ ಒಂದು ತುದಿಯನ್ನ 300 ಕಿಮೀಗೆ ಎಳೆಯೋಕೆ ಸುಮಾರು 84 ಮೀ/ಸೆ ಸಾಕು, ಮುಂದಿಂದು ವಾತಾವರಣವೇ ಎಳ್ಕೊಳತ್ತೆ. ಸೋ ಯಾವ್ದು ಹಿಡಿದ್ರೂ ಕೈಯಲ್ಲಿ ಉಳಿಕೆ ಇದೆ. ಆ ಉಳಿಕೆಯನ್ನ ಟ್ಯಾಂಕ್ ಚಿಕ್ಕದು ಮಾಡೋಕೆ ಬಳಸಿ, ಹೊಸ ಕೆಲಸ ಹಚ್ಕೋಬೇಡಿ.

ಬಿಸಿಕಾಯಿಸು

ಲೆಕ್ಕ ಚೆನ್ನಾಗಿದೆ ಆದ್ರೆ ಆ ಹೆಚ್ಚುವರಿ ಶಕ್ತಿ ಎಲ್ಲಿಂದ ಬಂತು ಅಂತ ಯಾರೂ ಕೇಳ್ಲಿಲ್ಲ. ಶಾಖದಿಂದ ಬಂತು. ಹೈಡ್ರಜೀನ್ ಥ್ರಸ್ಟರ್ ಒಳಗೆ ಸಾವಿರ ಡಿಗ್ರಿ ಆಸುಪಾಸು ಇರತ್ತೆ, ಎಲ್‌ಎಂಪಿ-103ಎಸ್‌ಗೆ 1600 ಡಿಗ್ರಿ, ಅಸೆಂಟ್‌ಗೆ ಅದಕ್ಕೂ ಮೇಲೆ. ಮಾಮೂಲಿ ನಿಕ್ಕಲ್ ಮಿಶ್ರಲೋಹ ಅಲ್ಲಿ ನಿಲ್ಲಲ್ಲ, ಇರಿಡಿಯಂ-ರೀನಿಯಂ ಥರದ್ದಕ್ಕೆ ಹೋಗ್ಬೇಕು, ಅದನ್ನ ಮೆಷಿನ್ ಮಾಡೋದು ಬೇರೆನೇ ವಿದ್ಯೆ.

ಅದಕ್ಕಿಂತ ಕಾಡೋದು ಕ್ಯಾಟಲಿಸ್ಟು, ಅಂದ್ರೆ ಇಂಧನ ಒಡೆದು ಬಿಸಿಯಾಗೋ ಹಾಗೆ ಮಾಡೋ ವಸ್ತು. ಹೈಡ್ರಜೀನಿಗೆ ಅಲ್ಯೂಮಿನಾ ಕಾಳಿನ ಮೇಲೆ ಇರಿಡಿಯಂ ಹಚ್ಚಿರೋದು ಇದೆ, ಅದು ತಣ್ಣಗಿದ್ರೂ ಕಷ್ಟಪಟ್ಟಾದ್ರೂ ಶುರು ಮಾಡತ್ತೆ. ಎಲ್‌ಎಂಪಿಯಲ್ಲಿರೋ ಎಡಿಎನ್ ಆಗ್ಲಿ ಅಸೆಂಟಲ್ಲಿರೋ ಹ್ಯಾನ್ ಆಗ್ಲಿ ಹಾಗಲ್ಲ. ಇವೆರಡೂ ಉಪ್ಪುಗಳು, ಅಮೋನಿಯಂ ಡೈನೈಟ್ರಮೈಡ್ ಒಂದು, ಹೈಡ್ರಾಕ್ಸಿಲ್‌ಅಮೋನಿಯಂ ನೈಟ್ರೇಟ್ ಇನ್ನೊಂದು, ಎರಡೂ ನೀರಿನ ಜೊತೆ ಕರಗಿರತ್ತೆ. ತಣ್ಣನೆ ಕ್ಯಾಟಲಿಸ್ಟ್ ಮೇಲೆ ಬಿದ್ರೆ ಮೊದಲು ಆ ನೀರು ಆವಿಯಾಗ್ಬೇಕು, ಅದು ಇರೋ ಬಿಸಿನೆಲ್ಲ ಕುಡಿದುಬಿಡತ್ತೆ, ಬೆಂಕಿ ಹತ್ತಲ್ಲ, ಒಳಗೆ ಒದ್ದೆ ಆಗಿ ಕೂರತ್ತೆ. ಆಮೇಲೆ ಒಂದೇ ಸಲ ಹತ್ಕೊಂಡ್ರೆ ಒಳಗಿನ ಕಾಳು ಪುಡಿಪುಡಿ. ಅದಕ್ಕೇ ಎಲ್‌ಎಂಪಿಯ 1 ನ್ಯೂಟನ್ ನೂಕುಬಲದ ಥ್ರಸ್ಟರನ್ನ 340-360 ಡಿಗ್ರಿಗೆ ಮೊದಲೇ ಕಾಯಿಸ್ತಾರೆ, ಹೀಟರ್‌ಗೆ ಸುಮಾರು 8-10 ವ್ಯಾಟ್. ಅರ್ಧ ಗಂಟೆ ಕಾಯಿಸಿದ್ರೆ ಬ್ಯಾಟರಿಯಿಂದ 5 ವ್ಯಾಟ್-ಅವರ್ ಹೋಯ್ತು ಅಂತ ಇಟ್ಕೊಳ್ಳಿ. ನಿಮ್ಮ ಸೌರಫಲಕ ಎಷ್ಟು ಕೊಡತ್ತೆ? ಥ್ರಸ್ಟರ್ ಸಣ್ಣದು ಮಾಡ್ದಷ್ಟೂ ಹೊರಮೈ ಜಾಸ್ತಿ ಒಳಜಾಗ ಕಮ್ಮಿ, ಬಿಸಿ ಸೋರ್ತಾನೇ ಇರತ್ತೆ, 100 ಮಿಲಿನ್ಯೂಟನ್ ಥ್ರಸ್ಟರ್‌ಗೆ ಹತ್ತನೇ ಒಂದು ಭಾಗ ಹೀಟರ್ ಸಾಕು ಅಂತ ಲೆಕ್ಕ ಹಾಕಿದ್ರೆ ಮೋಸ ಹೋಗ್ತೀರಾ.

ಆದ್ರೆ ಇದು ಆಗದ ಕೆಲಸ ಅಂತ ಅಲ್ಲ. ಅಸೆಂಟನ್ನ ನಾಸಾ 2019 ಜೂನಲ್ಲಿ ಜಿಪಿಐಎಂ ಅನ್ನೋ ಉಪಗ್ರಹದಲ್ಲಿ ಐದು ಥ್ರಸ್ಟರ್ ಹಾಕಿ ಹಾರ್ಸಿ ತೋರಿಸ್ತು. ಅದೇ ವರ್ಷ ಜನವರೀಲಿ ಜಪಾನಿನವರು ರಾಪಿಸ್-1ರಲ್ಲಿ ಹ್ಯಾನ್ ಆಧಾರದ ಎಸ್‌ಎಚ್‌ಪಿ163 ಹಾರ್ಸಿದ್ರು. 2024 ಜನವರೀಲಿ ಪಿಎಸ್‌ಎಲ್‌ವಿ ಸಿ58ರ ಪೋಯೆಮ್-3 (ರಾಕೆಟ್ಟಿನ ಕೊನೇ ಹಂತವನ್ನೇ ಪ್ರಯೋಗದ ವೇದಿಕೆ ಮಾಡಿದ್ದು) ಮೇಲೆ ಬೆಂಗಳೂರಿನ ಬೆಲ್ಲಾಟ್ರಿಕ್ಸ್ ಕಂಪನಿಯವರ ರುದ್ರ ಅನ್ನೋ ಹಸಿರು ಇಂಧನದ ಥ್ರಸ್ಟರ್ ಹೋಯ್ತು.

ಹನಿಬಲ

ಬಿಸಿಕಾಯಿಸು ಅವ್ರೇ, ನಮ್ಮ ಫಲಕ ಸೂರ್ಯನ ಕಡೆ ಇದ್ದಾಗ 24 ವ್ಯಾಟ್ ಕೊಡತ್ತೆ, ಕಾಯಿಸೋ ಹೊತ್ತಲ್ಲಿ ಪೇಲೋಡ್ ಆಫ್ ಮಾಡಿದ್ರೆ ಹೊಂದಿಸ್ಕೋಬಹುದು.

ಇನ್ನೊಂದು ಕೇಳ್ಬೇಕಿತ್ತು. ನಾಸಾದ ಲೂನಾರ್ ಫ್ಲ್ಯಾಶ್‌ಲೈಟ್ ಉಪಗ್ರಹ ಕೂಡ 6ಯು, ಅಸೆಂಟೇ ತುಂಬಿದ್ರು, ಆದ್ರೂ ಚಂದ್ರನ ಕಕ್ಷೆ ಸಿಗ್ಲಿಲ್ಲ. ಇಂಧನದ ತಪ್ಪಾ ಅದು? ನಮ್ಮ ಟೀಮಿನ ಹೈಡ್ರಜೀನ್ ಗುಂಪು ಮಾತೆತ್ತಿದ್ರೆ ಅದನ್ನೇ ತೋರಿಸ್ತಾರೆ. ಮತ್ತೆ ನಾವೂ ಟ್ಯಾಂಕ್ ಮತ್ತೆ ಇಂಧನದ ದಾರಿಗಳನ್ನ ಒಂದೇ ತುಂಡಾಗಿ 3ಡಿ ಪ್ರಿಂಟ್ ಮಾಡ್ಸೋ ಯೋಚ್ನೇಲಿದೀವಿ.

ನಳಿಕೆನೋಟ

ಪ್ರಿಂಟ್ ಅಂದ ತಕ್ಷಣ ಬರೀಲೇಬೇಕು ಅನ್ನಿಸ್ತು, ಸ್ವಲ್ಪ ಉದ್ದ ಆಗತ್ತೆ.

ಲೂನಾರ್ ಫ್ಲ್ಯಾಶ್‌ಲೈಟ್ 2022 ಡಿಸೆಂಬರ್ 11ಕ್ಕೆ ಹೋಯ್ತು. ನಾಲ್ಕು ಥ್ರಸ್ಟರ್, ಶುರುವಲ್ಲೇ ನೂಕುಬಲ ಕಮ್ಮಿ. ಇಂಧನದ ದಾರಿಯಲ್ಲಿ ಏನೋ ಅಡ್ಡ ಕೂತಿದೆ, ಹೆಚ್ಚಾಗಿ ಪ್ರಿಂಟ್ ಮಾಡಿದ ಭಾಗದಲ್ಲಿ ಉಳಿದ ಲೋಹದ ಪುಡಿ ಇರ್ಬೇಕು ಅಂತ ತಂಡದವರು ಅಂದಾಜಿಗೆ ಬಂದ್ರು. ಪಂಪಿನ ಒತ್ತಡ ಏರ್ಸಿ, ವಾಲ್ವ್ ತೆಗೆದು ಮುಚ್ಚಿ, ಆ ಕಸವನ್ನ ಹೊರಗೆ ತಳ್ಳೋಕೆ ತಿಂಗಳುಗಟ್ಟಲೆ ಒದ್ದಾಡಿದ್ರು, ಪೂರ್ತಿ ಬಿಡಿಸ್ಕೊಳ್ಳೋಕೆ ಆಗ್ಲಿಲ್ಲ, 2023 ಮೇನಲ್ಲಿ ನಿಲ್ಲಿಸಿದ್ರು. ಹಾಗಾಗಿ ಅದನ್ನ ಇಂಧನದ ತಲೆಗೆ ಕಟ್ಟೋದು ಅನ್ಯಾಯ. ಅದೇ ಇಂಧನ ಜಿಪಿಐಎಂನಲ್ಲಿ ಕೆಲಸ ಮಾಡಿತ್ತು.

ಈಗ ಗಾತ್ರ ನೋಡಿ. 100 ಮಿಲಿನ್ಯೂಟನ್ ನೂಕುಬಲ, ಒಳಗೆ 10 ಬಾರ್ ಒತ್ತಡ ಅಂದ್ರೆ ನಾಝಲ್‌ನ (ಬಿಸಿ ಅನಿಲ ಹೊರಗೆ ಹೋಗೋ ಬಾಯಿ) ಕುತ್ತಿಗೆ ಅಗಲ ಬರೋದು ಸುಮಾರು 0.28 ಮಿಲಿಮೀಟರ್. ಇಂಧನ ಒಳಗೆ ಬರೋ ಕೊಳವೆ ಅದಕ್ಕಿಂತ ಸಣ್ಣದು, ವಾಲ್ವ್ ಎದ್ದಾಗ ಬಿಡೋ ಸಂದಿ ಇನ್ನೂ ಸಣ್ಣದು. ಲೇಸರ್ ಪ್ರಿಂಟಿಗೆ ಬಳಸೋ ಲೋಹದ ಪುಡಿ ಒಂದೊಂದು ಕಾಳು 15ರಿಂದ 45 ಮೈಕ್ರಾನ್. ನಾಲ್ಕೈದು ಕಾಳು ಕೈ ಕೈ ಹಿಡ್ಕೊಂಡು ನಿಂತ್ರೆ ದಾರಿ ಬಂದ್. 1 ನ್ಯೂಟನ್ ಥ್ರಸ್ಟರಲ್ಲಿ ಕುತ್ತಿಗೆ 0.9 ಮಿಮೀ ಹತ್ತಿರ, ಅಲ್ಲಿ ಇಷ್ಟು ಭಯ ಇಲ್ಲ.

ನಾನು ಮುಂಚೆ ಇದ್ದ ಒಂದು ಲ್ಯಾಬಲ್ಲಿ ಟೈಟಾನಿಯಂ ಮ್ಯಾನಿಫೋಲ್ಡ್ (ಇಂಧನವನ್ನ ಥ್ರಸ್ಟರ್‌ಗಳಿಗೆ ಹಂಚೋ ತುಂಡು) ಪ್ರಿಂಟ್ ಮಾಡ್ಸಿದ್ವಿ, ಒಳಗೆ ತಿರುವು ಮುರುವು ದಾರಿಗಳು, ನೋಡೋಕೆ ಬಹಳ ಚೆಂದ. ಅಲ್ಟ್ರಾಸಾನಿಕ್ ತೊಟ್ಟಿಯಲ್ಲಿ ಇಟ್ವಿ, ಐಸೋಪ್ರೊಪೈಲ್ ಆಲ್ಕೋಹಾಲ್ ಹಾಯ್ಸಿದ್ವಿ, ಕೊನೆ ಮೂರು ಸಲ ಫಿಲ್ಟರ್ ಬಿಳಿಯಾಗೇ ಬಂತು, ಕ್ಲೀನ್ ಅಂತ ಸಹಿನೂ ಬಿತ್ತು. ವೈಬ್ರೇಷನ್ ಟೇಬಲ್ ಮೇಲೆ ಅಲುಗಾಡಿಸಿ ಬಂದ ಮೇಲೆ ಯಾಕೋ ಇನ್ನೊಂದ್ಸಲ ಹಾಯ್ಸೋಣ ಅಂತ ಹಾಯ್ಸಿದ್ವಿ. ಬಿಳಿ ಫಿಲ್ಟರ್ ಮೇಲೆ ಬೂದಿ ಉದುರ್ಸಿದ ಹಾಗೆ ಒಂದು ಅರ್ಧಚಂದ್ರ. ಮೈಕ್ರೋಸ್ಕೋಪಲ್ಲಿ ನೋಡಿದ್ರೆ ಸಾಸಿವೆ ಥರ ಗುಂಡಗಿನ ಕಾಳು, ಕೆಲವು ಎರಡೆರಡು ಅಂಟ್ಕೊಂಡಿವೆ. ಗೋಡೆಗೆ ಅರ್ಧ ಬೆಸೆದು ಕೂತಿದ್ದು ಕುಲುಕಿದಾಗ ಬಿಟ್ಟಿತ್ತು. ರಾಕೆಟ್ ಕುಲುಕಿದ್ರೂ ಇದೇ ಆಗೋದು, ಆಗ ಫಿಲ್ಟರ್ ನೋಡೋಕೆ ಯಾರೂ ಇರಲ್ಲ. ಆ ಭಾಗ ಬಿಸಾಕಿದ್ವಿ, ನಮಗೆ ಐದು ತಿಂಗಳು ಹೋಯ್ತು.

ಪ್ರಿಂಟ್ ಬೇಡ್ವೇ ಬೇಡ ಅಂತ ಹೇಳ್ತಿಲ್ಲ. ಟ್ಯಾಂಕ್ ಪ್ರಿಂಟ್ ಮಾಡ್ಸಿ, ಬಾಯಿ ದೊಡ್ಡದಿರತ್ತೆ, ಒಳಗೆ ಕ್ಯಾಮೆರಾ ಬಿಟ್ಟು ನೋಡ್ಬಹುದು. ಫಿಲ್ಟರ್ ಆದ್ಮೇಲಿನ ದಾರಿಯನ್ನ ಮಾತ್ರ ಮಾಮೂಲಿ ಕೊಳವೆಯಲ್ಲಿ ಮಾಡಿ, ಡ್ರಿಲ್ ಹಾಕಿ, ಬೆಸುಗೆ ಹಾಕಿ. ಮತ್ತೆ ಪ್ರತಿ ವಾಲ್ವ್ ಹಿಂದೆನೂ ಅದರದ್ದೇ ಒಂದು ಫಿಲ್ಟರ್ ಇರ್ಲಿ, ಎಲ್ಲಕ್ಕೂ ಸೇರಿ ಒಂದೇ ಅಂತ ಇಡ್ಬೇಡಿ.

ನೀರುಸಾಕು

ಇಷ್ಟೆಲ್ಲಾ ಕಷ್ಟ ಯಾಕೆ, ನೀರು ಹಿಡೀರಿ ಅಂತ ನನ್ನ ಸಲಹೆ. 2022 ನವೆಂಬರಲ್ಲಿ ನಾಸಾದ ಆರ್ಟೆಮಿಸ್-1 ರಾಕೆಟ್ ಜೊತೆ ಹೋದ ಜಪಾನಿನ ಎಕ್ವುಲಿಯಸ್ ಉಪಗ್ರಹ ಕೂಡ 6ಯು, ಬರೀ ನೀರಿನ ಆವಿ ಬಿಟ್ಕೊಂಡು ಚಂದ್ರನ ಹತ್ತಿರ ದಾರಿ ತಿರುಗಿಸ್ಕೊಂಡಿತು. ಅದರಲ್ಲಿ ನನಗೆ ತುಂಬಾ ಹಿಡಿಸಿದ್ದು ಏನಂದ್ರೆ ನೀರನ್ನ ಆವಿ ಮಾಡೋಕೆ ರೇಡಿಯೋ ಪೆಟ್ಟಿಗೆಯ ಬಿಸಿಯನ್ನೇ ಬಳಸ್ಕೊಂಡಿದಾರೆ, ಸುಮ್ನೆ ಹೋಗೋ ಬಿಸಿ ಅದು. ತುಂಬ್ಸೋವಾಗ ಚೆಲ್ಲಿದ್ರೆ ಬಟ್ಟೇಲಿ ಒರೆಸಿದ್ರಾಯ್ತು.

ಕಕ್ಷೆಲೆಕ್ಕ

ನೀರುಸಾಕು ಅವ್ರ ಪ್ರೀತಿ ನನಗೂ ಇದೆ, ಆದ್ರೆ ಹನಿಬಲ ಅವ್ರ ಕೆಲಸಕ್ಕೆ ಹೊಂದತ್ತಾ ನೋಡೋಣ. ಆವಿ ಬಿಡೋ ಥ್ರಸ್ಟರ್‌ಗೆ ಐಎಸ್‌ಪಿ 70 ಸೆಕೆಂಡ್ ಆಸುಪಾಸು. ಒಂದು ಲೀಟರ್‌ಗೆ 60 ಮೀ/ಸೆ, ಬೇಕಾಗಿರೋದು 84, ಅಂದ್ರೆ ಟ್ಯಾಂಕ್ ಒಂದೂವರೆ ಲೀಟರ್ ಹತ್ತಿರ ಆಗ್ಬೇಕು. ಎಕ್ವುಲಿಯಸ್‌ನ ನೂಕುಬಲ 4 ಮಿಲಿನ್ಯೂಟನ್, ಅದರಲ್ಲಿ ನಿಮ್ಮ 84 ಮೀ/ಸೆ ತೆಗೀಬೇಕಾದ್ರೆ ಒಟ್ಟು 70 ಗಂಟೆ ನೂಕ್ಬೇಕು. 1 ನ್ಯೂಟನ್‌ಗೆ ಅದು 17 ನಿಮಿಷದ ಕೆಲಸ. ಮತ್ತೆ ಒಂದು ಕೆಜಿ ನೀರನ್ನ ಕಾಯಿಸಿ ಆವಿ ಮಾಡೋಕೆ ಸುಮಾರು 720 ವ್ಯಾಟ್-ಅವರ್ ಬೇಕು, ರೇಡಿಯೋ ಬಿಸಿ ಅಷ್ಟು ಕೊಡೋಕೆ ರೇಡಿಯೋ ಅಷ್ಟು ಹೊತ್ತು ಮಾತಾಡ್ತಿರ್ಬೇಕು.

ನೀರನ್ನ ಒಡೆದು ಹೈಡ್ರೋಜನ್ ಆಕ್ಸಿಜನ್ ಮಾಡಿ ಸುಡೋದೂ ಇದೆ, ನಾಸಾದ ಪಿಟಿಡಿ-1 2021ರಲ್ಲಿ ಅದನ್ನೇ ಹೊತ್ತು ಹೋಯ್ತು, ಐಎಸ್‌ಪಿ ಚೆನ್ನಾಗಿ ಬರತ್ತೆ. ಆದ್ರೆ ಕೆಜಿಗೆ ಕಮ್ಮಿ ಅಂದ್ರೂ 4.4 ಕಿಲೋವ್ಯಾಟ್-ಅವರ್ ವಿದ್ಯುತ್ ತಿನ್ನತ್ತೆ. ತಿಂಗಳುಗಟ್ಟಲೆ ಸಮಯ ಇದ್ರೆ ಮಾತ್ರ.

ಬೆಳ್ಳಿಜಾಲರಿ

ಹೈಡ್ರೋಜನ್ ಪೆರಾಕ್ಸೈಡನ್ನ ಯಾಕೆ ಯಾರೂ ಹೇಳ್ತಿಲ್ಲ? ಸೋಯುಜ್ ಇಳಿಯೋವಾಗ ಅದರ ಕ್ಯಾಪ್ಸೂಲನ್ನ ತಿರುಗ್ಸೋದು ಅದೇ. ಬ್ರಿಟನ್ನಿನ ಬ್ಲ್ಯಾಕ್ ಆ್ಯರೋ ರಾಕೆಟ್ 1971ರಲ್ಲಿ ಅದನ್ನ ಸೀಮೆಎಣ್ಣೆ ಜೊತೆ ಬಳಸೇ ಕಕ್ಷೆಗೆ ಹೋಗಿತ್ತು. ಅದೊಂದನ್ನೇ ಬಳಸಿದ್ರೆ ಹೊರಗೆ ಬರೋದು ಹಬೆ ಮತ್ತೆ ಆಕ್ಸಿಜನ್. ಪೂರ್ವಕಾಯಿಸೋದು ಇಲ್ದೇನೂ ಶುರು ಆಗತ್ತೆ, ರೀನಿಯಂ ಗೀನಿಯಂ ಬೇಡ. 90 ಪರ್ಸೆಂಟ್ ಗಟ್ಟಿ ಇರೋದಕ್ಕೆ ಕ್ಯಾಟಲಿಸ್ಟ್ ಆಗಿ ಬೆಳ್ಳಿ ಜಾಲರಿ ಸಾಕು, 98ಕ್ಕೆ ಹೋದ್ರೆ ಒಳಗೆ 950 ಡಿಗ್ರಿ ಆಗತ್ತೆ, ಬೆಳ್ಳಿ ಕರಗೋದು 962ಕ್ಕೆ, ಹಾಗಾಗಿ ಅಲ್ಲಿ ಬೇರೆ ಕ್ಯಾಟಲಿಸ್ಟ್ ಬೇಕು. ಐಎಸ್‌ಪಿ 180 ಹಿಡಿದ್ರೂ ದಟ್ಟ ಇರೋದ್ರಿಂದ ಲೀಟರ್‌ಗೆ 220 ಮೀ/ಸೆ ಹತ್ತಿರ ಬರತ್ತೆ, ಹೈಡ್ರಜೀನಿಗಿಂತ ಜಾಸ್ತಿ. ಸ್ವಂತವಾಗಿ ಥ್ರಸ್ಟರ್ ಕಲಿಯೋರಿಗೆ ಇದಕ್ಕಿಂತ ಒಳ್ಳೇ ಗುರು ಇಲ್ಲ.

ಹಳೇವಾಲ್ವ್

ಬೆಳ್ಳಿಜಾಲರಿ ಅವ್ರೇ, ಕಲಿಯೋಕೆ ಒಳ್ಳೇದು ಅನ್ನೋದು ಒಪ್ಪಿದೆ, ಆದ್ರೆ ಒಂದು ಮಾತು ಸೇರಿಸ್ಲೇಬೇಕು. 2000ದಲ್ಲಿ ಕುರ್ಸ್ಕ್ ಸಬ್‌ಮರೀನ್ ಮುಳುಗಿ 118 ಜನ ಹೋಗಿದ್ದು ಟಾರ್ಪಿಡೋದಲ್ಲಿದ್ದ ಪೆರಾಕ್ಸೈಡ್ ಸೋರಿ. ಅದು ಹೈಡ್ರಜೀನ್‌ನಷ್ಟು ವಿಷ ಅಲ್ಲ, ನಿಜ, ಆದ್ರೆ ಕೊಳೆ ಕಂಡ್ರೆ ಸಾಕು ಒಡೆಯೋಕೆ ಶುರು, ಮುಚ್ಚಿರೋ ಕೊಳವೇಲಿ ಒಡೆದ್ರೆ ಒತ್ತಡ ಏರ್ತಾ ಹೋಗತ್ತೆ. ಎರಡು ವಾಲ್ವ್ ಮಧ್ಯೆ ಅದನ್ನ ಸಿಕ್ಕಿಸಿ ಬಿಡೋ ಹಾಗೆ ಯಾವತ್ತೂ ಡಿಸೈನ್ ಮಾಡ್ಬೇಡಿ. ಟ್ಯಾಂಕಲ್ಲೂ ನಿಧಾನಕ್ಕೆ ಒಡೀತಾನೇ ಇರತ್ತೆ, ನಿಮ್ಮ ಉಪಗ್ರಹ ಐದು ವರ್ಷ ಕೆಲಸ ಮಾಡಿ ಕೊನೇಲಿ ಇಳೀಬೇಕು ಅಂದ್ರೆ ಆ ಕೊನೇ ದಿನಕ್ಕೆ ಎಷ್ಟು ಗಟ್ಟಿ ಉಳಿದಿರತ್ತೆ ಅಂತ ಈಗ್ಲೇ ಯೋಚ್ನೆ ಮಾಡಿ.

ಎಡಿಎನ್ ಕಡೆಯೋರಿಗೂ ಅಷ್ಟೇ. ಚೆಲ್ಲಿದ್ದು ದ್ರವವಾಗಿರೋವಾಗ ಸಾಧು, ನೀರು ಮೆಥನಾಲ್ ಎಲ್ಲಾ ಆರಿ ಹೋದ್ರೆ ಉಳಿಯೋದು ಒಣ ಎಡಿಎನ್ ಹರಳು, ಅದು ಸ್ಫೋಟಕದ ಜಾತಿ. ಒದ್ದೆ ಇರೋವಾಗ್ಲೇ ಜಾಸ್ತಿ ನೀರು ಹಾಕಿ ತೊಳೀಬೇಕು. ಒರೆಸಿದ ಬಟ್ಟೆಯನ್ನ ಡಬ್ಬಿಗೆ ಹಾಕಿ ಮರೆತು ಹೋಗೋದು ನೋಡಿದೀನಿ, ಅವತ್ತು ನಾನು ಜೋರಾಗೇ ಕೂಗಾಡಿದ್ದೆ.

ಅಯೋಡಿನ್‌ನೇರಳೆ

ಒಂದೇ ಸಾಲು: ಫ್ರಾನ್ಸಿನ ಥ್ರಸ್ಟ್‌ಮಿ ಅಯೋಡಿನ್ ಥ್ರಸ್ಟರ್ 2020 ನವೆಂಬರಲ್ಲಿ ಹೋಯ್ತು, ಗಟ್ಟಿ ಇಂಧನ, ಒತ್ತಡದ ಟ್ಯಾಂಕೇ ಬೇಡ, ಆದ್ರೆ ಅದು ವಿದ್ಯುತ್ ಥ್ರಸ್ಟರ್, ನೂಕುಬಲ ಮಿಲಿನ್ಯೂಟನ್ ಲೆಕ್ಕ, ಮತ್ತೆ ಅಯೋಡಿನ್ ಲೋಹಗಳನ್ನ ತಿನ್ನತ್ತೆ. ನಿಮ್ಮ ಕಿವಿಗೆ ಬಿದ್ದಿರ್ಲಿ ಅಂತ ಹೇಳಿದೆ.

ಹನಿಬಲ

ಎಲ್ರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಟೀಮ್ ಪೂರ್ತಿ ಕೂತು ಇದನ್ನೆಲ್ಲಾ ಓದಿದ್ವಿ. ಹೈಡ್ರಜೀನ್ ಬಿಟ್ಟಿದೀವಿ, ಅದನ್ನ ಹಿಡ್ಕೊಂಡು ಕೂತಿದ್ದವನೇ 0.01 ಪಿಪಿಎಂ ಮಾತು ಓದಿ ಮೊದಲು ಕೈ ಎತ್ತಿದ. ಹಾರೋಕೆ ಎಡಿಎನ್ ಇಂಧನ, 1 ನ್ಯೂಟನ್, ಅದಕ್ಕಿಂತ ಸಣ್ಣದಕ್ಕೆ ಹೋಗಲ್ಲ, ಕುತ್ತಿಗೆ 0.28 ಮಿಮೀ ಅಂತ ನೋಡಿದ್ಮೇಲೆ ಆ ಧೈರ್ಯ ಇಲ್ಲ. ಬೆಂಚ್ ಮೇಲೆ ವಾಲ್ವು, ಸೆನ್ಸರು, ಟೈಮಿಂಗು ಎಲ್ಲಾ ಮೊದಲು ನೀರಲ್ಲೇ ಓಡಿಸ್ತೀವಿ. ಇಂಧನದ ದಾರಿ ಕೊಳವೆಯಲ್ಲೇ.

ಇನ್ನೊಂದು ವಿಷ್ಯ. ಆಗ್ಲೇ ಪ್ರಿಂಟ್ ಆಗಿ ಬಂದಿದ್ದ ಸ್ಯಾಂಪಲ್ ಮ್ಯಾನಿಫೋಲ್ಡನ್ನ ನಳಿಕೆನೋಟ ಅವ್ರ ಮಾತು ಓದಿ ಇವತ್ತು ಬೆಳಿಗ್ಗೆ ಗರಗಸ ಹಾಕಿ ಸೀಳಿದ್ವಿ. ನೇರ ದಾರಿಯೆಲ್ಲಾ ನುಣ್ಣಗಿದೆ. ಎರಡು ದಾರಿ ಸೇರೋ ಮೂಲೇಲಿ ಮಾತ್ರ ಬೂದು ಬಣ್ಣದ ಪುಡಿ ಗಟ್ಟಿ ಕಟ್ಟಿದೆ, ಉಗುರಲ್ಲಿ ಕೆರೆದ್ರೆ ಉದುರತ್ತೆ. ಅದನ್ನ ತಯಾರಿಸಿದವರು ಕ್ಲೀನ್ ಮಾಡಿದೀವಿ ಅಂತ ಬರೆದು ಕೊಟ್ಟಿದ್ರು. ಕೊಳವೆಯಲ್ಲಿ ಮಾಡಿದ್ರೂ ಬೆಸುಗೆಯ ಚೂರು ಒಳಗೆ ಉಳಿಯಲ್ವಾ? ಹಾಯ್ಸಿ ನೋಡೋಕೆ ಎಷ್ಟು ಮೈಕ್ರಾನ್ ಫಿಲ್ಟರ್ ಇಡ್ಬೇಕು?

ನಳಿಕೆನೋಟ

ಸೀಳಿದ್ದು ಒಳ್ಳೇದಾಯ್ತು, ಆ ತುಂಡನ್ನ ಬಿಸಾಕ್ಬೇಡಿ, ಫೋಟೋ ತೆಗೆದು ಡಿಸೈನ್ ರಿವ್ಯೂಗೆ ಇಡಿ.

ಬೆಸುಗೆ ಚೂರು ಉಳಿಯತ್ತೆ, ಖಂಡಿತ. ಬೆಸುಗೆ ಹಾಕೋವಾಗ ಕೊಳವೆ ಒಳಗೆ ಆರ್ಗಾನ್ ಹಾಯ್ತಾ ಇರ್ಲಿ, ಒಳಗೆ ಕರಿ ಕಟ್ಟಲ್ಲ. ಹಾಯ್ಸಿ ನೋಡೋಕೆ ನಾವು 5 ಮೈಕ್ರಾನ್ ಜಾಲರಿ ಫಿಲ್ಟರ್ ಇಡ್ತಿದ್ವಿ, ಗೆರೆ ಹೊಡೆದಿರೋದು ತಗೊಳ್ಳಿ, ಒಂದೊಂದು ಚೌಕದ ಕಾಳು ಎಣಿಸೋಕೆ ಸುಲಭ. ಎಣಿಸಿ ಬರ್ಕೊಳ್ಳಿ, ಬರೀ ಕಣ್ಣಲ್ಲಿ ನೋಡಿ ಬಿಳಿಯಾಗಿದೆ ಅಂತ ಬಿಡ್ಬೇಡಿ. ಒಂದ್ಸಲ ಹಾಯ್ಸಿ, ಕುಲುಕಿ, ಮತ್ತೆ ಹಾಯ್ಸಿ. ಕುಲುಕಿದ ಮೇಲಿನ ಎಣಿಕೆ ಮುಂಚಿನದಕ್ಕಿಂತ ಜಾಸ್ತಿ ಬಂದ್ರೆ ಮತ್ತೆ ಮೊದಲಿಂದ. ನಮ್ದು ಏಳನೇ ಸುತ್ತಿಗೆ ನಿಂತಿತ್ತು.